ನೋಡುವ ಬಾವಿಯ ಉಡಿ

ಕಡಲಿಹಾಳದಲ್ಲಿ ಈಗ ಇಬ್ಬರು ಎದುರಾದರೆ ‘ಊಟ ಆತೇನ್ರಿ’ ಎಂದು ಕೇಳುವುದಿಲ್ಲ. ‘ನಿಮ್ಮ ಓಣಿ ಮಟ್ಟ ಎಷ್ಟೈತ್ರಿ’ ಎಂದು ಕೇಳುತ್ತಾರೆ. ನೀರು ಹದಿನೈದಡಿ ಕೆಳಗಿದೆ ಎಂದರೆ ಹೇಳಿದವರ ಎದೆ ಉಬ್ಬುತ್ತದೆ. ಮೂವತ್ತಡಿ ಎಂದರೆ ಕೇಳಿದವರು ಲೊಚಗುಟ್ಟಿ ಬೇರೆ ಮಾತು ತೆಗೆಯುತ್ತಾರೆ. ಹೆಣ್ಣು ಕೊಡುವವರು ಹುಡುಗನ ಓದು, ನೌಕರಿ, ಚಟ ಎಲ್ಲ ವಿಚಾರಿಸಿ ಮುಗಿದ ಮೇಲೆ, ಎದ್ದು ಹೊರಡುವಾಗ, ಮರೆತಿದ್ದವರ ಹಾಗೆ ಓಣಿಯ ಮಟ್ಟ ಕೇಳುತ್ತಾರೆ. ಅವರು ಬಂದದ್ದೇ ಅದನ್ನು ಕೇಳಲಿಕ್ಕೆ ಎಂದು ಎರಡೂ ಕಡೆಯವರಿಗೆ ಗೊತ್ತಿರುತ್ತದೆ.

ಇದೆಲ್ಲ ಶುರುವಾದದ್ದು ಅರವತ್ತಡಿ ಕಾನೂನು ಬಂದ ಮೇಲೆ. ಸಾವಿರ ಅಡಿ ಕೊರೆದರೂ ಪೈಪಿನಿಂದ ಬರೀ ಬಿಸಿಗಾಳಿ ಬರತೊಡಗಿದಾಗ ಸರ್ಕಾರಕ್ಕೆ ಎಚ್ಚರವಾಯಿತು. ಇನ್ನು ಮುಂದೆ ಅರವತ್ತಡಿಗಿಂತ ಕೆಳಗೆ ಯಾರೂ ಕೊರೆಯುವಂತಿಲ್ಲ, ಮಳೆಗಾಲದಲ್ಲಿ ಎಷ್ಟು ಇಂಗಿಸುತ್ತೀರೋ ಅಷ್ಟನ್ನೇ ಮೇಲಿನ ಪದರದಿಂದ ಎತ್ತಿಕೊಂಡು ಬಾಳಬೇಕು ಎಂದು ಕಾನೂನು ಮಾಡಿತು. ಜನ ಮೊದಲು ಬಾಯಿಗೆ ಬಂದಂತೆ ಬೈದರು, ಆಮೇಲೆ ಹೊಂದಿಕೊಂಡರು. ಪ್ರತಿ ಮನೆಯ ಬಚ್ಚಲ ಹಿಂದೆ ಇಂಗುಗುಂಡಿ ಬಂತು. ಅಂಗಳಕ್ಕೆ ಸಿಮೆಂಟು ಹಾಕಿಸಿದ್ದವರು ನಾಚಿಕೆಯಿಂದ ಒಡೆಸಿ ಹಾಕಿದರು.

ಎಷ್ಟು ಎತ್ತಬಹುದು ಎಂದು ಹೇಳುವ ಅಧಿಕಾರ ಮಾತ್ರ ಮನುಷ್ಯರಿಗೆ ಉಳಿಯಲಿಲ್ಲ. ಮನುಷ್ಯರಿಗೆ ಬೀಗರಿರುತ್ತಾರೆ, ಬೇಕಾದವರಿರುತ್ತಾರೆ. ಆದ್ದರಿಂದ ಆ ಕೆಲಸವನ್ನು ‘ಒರತೆ’ ಎಂಬ ಯಂತ್ರಬುದ್ಧಿಗೆ ವಹಿಸಿದರು. ಪ್ರತಿ ಓಣಿಯಲ್ಲೂ ಒಂದೊಂದು ಕಿರಿದಾದ ಕೊಳವೆ ಬಾವಿ ಕೊರೆದು, ಅಂಗೈ ಅಗಲದ ಪೈಪು ಇಳಿಸಿ, ಅದರೊಳಗೆ ಒಂದು ಗಾಜಿನ ಎಳೆ ಬಿಟ್ಟರು. ಮೇಲೆ ನಿಂತ ನೀರಿನ ಭಾರ ಉಗುರಿನ ದಪ್ಪದಷ್ಟು ಹೆಚ್ಚುಕಡಿಮೆಯಾದರೂ ಎಳೆಗೆ ತಿಳಿಯುತ್ತದೆ. ಎಲ್ಲ ಎಳೆಗಳ ವರದಿ ನೋಡಿ ಶುಕ್ರವಾರ ಸಂಜೆ ಒರತೆ ಮುಂದಿನ ವಾರದ ಲೆಕ್ಕ ಹೇಳುತ್ತದೆ. ಯಾವ ಓಣಿಯ ಮೋಟರು ದಿನಕ್ಕೆ ಎಷ್ಟು ಹೊತ್ತು ಓಡಬಹುದೋ ಅಷ್ಟು ಹೊತ್ತು ಓಡಿ ತಾನಾಗಿಯೇ ನಿಲ್ಲುತ್ತದೆ. ಆ ಕಿರಿದಾದ ಬಾವಿಗೆ ಕಾಗದದಲ್ಲಿ ನಿಗಾ ಬಾವಿ ಎಂದು ಹೆಸರು. ಅದರಿಂದ ಯಾರೂ ಒಂದು ತಂಬಿಗೆ ನೀರನ್ನೂ ಎತ್ತುವಂತಿಲ್ಲ. ಜನರ ಬಾಯಲ್ಲಿ ಅದು ನೋಡೋ ಬಾವಿ.

ಊರಿನ ನೋಡೋ ಬಾವಿಗಳನ್ನೆಲ್ಲ ಕೊರೆದದ್ದು ಚಿಲುಮೆ ಡ್ರಿಲ್ಲಿಂಗ್ ಕಂಪನಿ. ಕಂಪನಿಯ ಸಾಹುಕಾರ ಚನ್ನಬಸಪ್ಪ ಗಡ್ಡದ. ಹೆಸರಿನಲ್ಲಿ ಗಡ್ಡವಿದ್ದರೂ ಮುಖ ನುಣ್ಣಗೆ, ಮನಸ್ಸು ಸದಾ ಗಾಬರಿ. ಆ ಬಾವಿಗಳ ದಾಖಲೆ ನೋಡಿಕೊಳ್ಳುವವಳು ಮಹಾನಂದಾ. ಧಾರವಾಡದಲ್ಲಿ ಭೂವಿಜ್ಞಾನ ಓದಿದವಳು, ಕಂಬಳಿ ಓಣಿಯ ಸೊಸೆ. ಯಾವ ಬಾವಿಯಲ್ಲಿ ಎರೆಮಣ್ಣು ಎಲ್ಲಿ ಮುಗಿದು ಗರಸು ಶುರುವಾಯಿತು, ನೀರು ಒಳಗೆ ಹೊರಗೆ ಆಡುವ ಜಾಲರಿ ಪೈಪು ಎಲ್ಲಿಂದ ಎಲ್ಲಿಯವರೆಗೆ ಇದೆ ಎಂಬುದೆಲ್ಲ ಅವಳ ಕೈಯಲ್ಲಿ. ಈ ಕೆಲಸ ಅವಳಿಗೆ ಬೇಸರ ತಂದದ್ದೇ ಇಲ್ಲ. ಒಂದು ಊರಿನ ಹೊಟ್ಟೆಯೊಳಗೆ ಏನಿದೆ ಎಂದು ತಿಳಿದುಕೊಂಡು ಅದರ ಮೇಲೆ ಓಡಾಡುವುದು ಅವಳಿಗೆ ಒಳಗೊಳಗೇ ಹೆಮ್ಮೆ.

ಆ ಗುರುವಾರ ಗಡ್ಡದ ಸಾಹುಕಾರರು ಕರವಸ್ತ್ರದಿಂದ ಕತ್ತು ಒರೆಸಿಕೊಳ್ಳುತ್ತ ಒಳಗೆ ಬಂದರು. “ಮಹಾನಂದಾ ಅವ್ರ, ಹೊಸಪೇಟಿ ಓಣಿಯವರು ಅರ್ಜಿ ಕೊಟ್ಟಾರ. ಅವರ ಮಟ್ಟಾನೂ ನಿಮ್ಮ ಕಂಬಳಿ ಓಣಿ ಮಟ್ಟಾನೂ ಒಂದಾ ಐತಂತ. ಆದ್ರ ನಿಮ್ಮ ಮೋಟರ್ ಮಾತ್ರ ವಾರ ವಾರ ಹೆಚ್ಚಿಗಿ ಓಡತಾವಂತ. ಜಿಲ್ಲಾದಿಂದ ಮುಲ್ಲಾ ಮೇಡಂ ಸೋಮವಾರ ಬರಾಕತ್ತಾರ.”

ಒರತೆ ದಿನಕ್ಕೊಂದು ಮಟ್ಟವನ್ನಷ್ಟೇ ಮುಂದಿಡುತ್ತಿತ್ತು. ಕ್ಷಣಕ್ಷಣದ ಓದು ಒಳಗೆ ಬಿದ್ದಿರುತ್ತಿತ್ತು, ಅದನ್ನು ತೆಗೆದು ನೋಡುವ ಪ್ರಸಂಗ ಇದುವರೆಗೆ ಬಂದಿರಲಿಲ್ಲ. ಮಹಾನಂದಾ ಈಗ ಕಂಬಳಿ ಓಣಿಯದನ್ನು ಪರದೆಯ ಮೇಲೆ ಹರವಿದಳು. ವಾರವೆಲ್ಲ ತಣ್ಣಗೆ ಮಲಗಿದ್ದ ಗೆರೆ ಶುಕ್ರವಾರ ಬೆಳಗ್ಗೆ ಒಮ್ಮೆಲೇ ಆಳುದ್ದ ಎದ್ದು ನಿಲ್ಲುತ್ತಿತ್ತು, ಆಮೇಲೆ ಮೆಲ್ಲಗೆ ಇಳಿದು ಮತ್ತೆ ಮಲಗುತ್ತಿತ್ತು. ಹಿಂದಿನ ಶುಕ್ರವಾರವೂ ಹಾಗೆಯೇ, ಅದರ ಹಿಂದಿನದೂ ಹಾಗೆಯೇ. ಅಷ್ಟು ಕಿರಿದಾದ ಪೈಪಿನಲ್ಲಿ ನೀರು ಆಳುದ್ದ ಏರಬೇಕೆಂದರೆ ಒಂದು ಕೊಡ ಸಾಕು. ಯಾರೋ ವಾರ ವಾರ ಒಂದು ಕೊಡ ನೀರು ಸುರಿಯುತ್ತಿದ್ದಾರೆ. ಬಾವಿಯ ಮುಚ್ಚಳಕ್ಕೆ ಬೀಗವಿದೆ, ಕೀಲಿ ಓಣಿಯಲ್ಲಿ ಒಬ್ಬರ ಹತ್ತಿರ ಇರುತ್ತದೆ. ಕಂಬಳಿ ಓಣಿಯ ಕೀಲಿಯನ್ನು ಮಹಾನಂದಾ ತನ್ನ ಅತ್ತೆ ಬಾಳವ್ವನ ಕೈಗೇ ಕೊಟ್ಟಿದ್ದಳು.

ಮನೆಗೆ ಬಂದಾಗ ಬಾಳವ್ವ ರೊಟ್ಟಿ ಬಡಿಯುತ್ತಿದ್ದಳು. ಮಹಾನಂದಾ ಚಪ್ಪಲಿ ಬಿಟ್ಟವಳೇ ಒಲೆಯ ಮುಂದೆ ಕುಳಿತಳು.

“ಅತ್ತೀ, ನೋಡೋ ಬಾವ್ಯಾಗ ಯಾರರ ನೀರು ಹಾಕತಾರೇನ್ರಿ?”

“ಯಾರರ ಅಂದ್ರ? ಎಲ್ಲಾರೂ ಹಾಕತೀವಿ. ವಾರಕ್ಕೊಂದು ಮನಿ ಪಾಳಿ.” ಬಾಳವ್ವ ರೊಟ್ಟಿ ಹೊರಳಿಸಿದಳು. “ನೀ ಆಫೀಸಿಗೆ ಹೋದ ಮ್ಯಾಲೆ ಹಾಕತೀವಿ, ನಿನಗ ಗೊತ್ತಿರಾಕಿಲ್ಲ.”

“ಯಾಕ್ರಿ?”

“ಯಾಕಂದ್ರ? ಕೊರದು ಹೋದಾಗ ನಿಮ್ಮ ಮಂದಿ ಏನಂದ್ರು, ಇದು ಬರೇ ನೋಡಾಕ ಅಂದ್ರು. ಯಾರೂ ನೀರು ಎತ್ತಾಂಗಿಲ್ಲ, ಪೂಜಿ ಇಲ್ಲ, ಪುನಸ್ಕಾರ ಇಲ್ಲ. ಓಣಿಗೆ ಬಂದ ಹೆಣ್ಣಮಗಳು ಬರೇ ಉಡೀಲೆ ಕುಂತಾಳಂದ್ರ ನೋಡಿಕೊಂಡು ಸುಮ್ನ ಇರಾಕ ಆಗತೈತೇನು? ಅಕ್ಕಿ ಕೊಬ್ಬರಿ ಹಾಕಿದ್ರ ಪೈಪ್ ಕಟ್ಟತೈತಿ ಅಂತ ನನಗೂ ತಿಳೀತೈತಿ. ಅದಕ್ಕ ನೀರು ಹಾಕಿ ಉಡಿ ತುಂಬತೀವಿ.”

ಮಹಾನಂದಾಗೆ ನಗುವೂ ಬಂತು, ಅಳುವೂ ಬಂತು. ಗಂಡ ರಾಜಶೇಖರ ಮೋಟರು ರಿವೈಂಡಿಂಗ್ ಅಂಗಡಿಯಿಂದ ಬಂದು ಕೈ ತೊಳೆಯುತ್ತಿದ್ದವನು ಅಲ್ಲಿಯೇ ನಿಂತು ಕೇಳಿಸಿಕೊಂಡ. ನಿಗಾ ಬಾವಿ ಕೆಟ್ಟಿದೆ ಎಂದು ಷರಾ ಬಿದ್ದರೆ ಆ ಓಣಿಯ ಮೋಟರುಗಳಿಗೆ ಬೀಗ ಎಂಬುದು ಅವನಿಗೂ ಗೊತ್ತಿತ್ತು. ಹೊಸದು ಕೊರೆಯುವುದಕ್ಕೆ ಮಳೆಗಾಲ ಮುಗಿದು ದೀಪಾವಳಿ ಕಳೆಯಬೇಕು. ಈಗಿನ್ನೂ ಯುಗಾದಿ ಕಳೆದು ನಾಲ್ಕು ದಿನ. ಅಲ್ಲಿಯತನಕ ಇಡೀ ಓಣಿ ಟ್ಯಾಂಕರಿನ ಹಿಂದೆ ಓಡಬೇಕು.

“ಅತ್ತೀ, ಮಟ್ಟ ಏರಿಸಿ ಹೆಚ್ಚಿಗಿ ನೀರು ಹೊಡಕೊಂಡಾರ ಅಂತಾರ. ಕಳುವು ಅಂತಾರ.”

ಬಾಳವ್ವ ಬಡಿಯುತ್ತಿದ್ದ ಕೈ ನಿಲ್ಲಿಸಿದಳು. “ಕೊಟ್ಟದ್ದಕ್ಕ ಕಳುವು ಅಂತಾರೇನು?” ಎಂದಳು. ಕೀಲಿಯನ್ನು ಗೂಡಿನಿಂದ ತೆಗೆದು ಸೊಸೆಯ ಮುಂದಿಟ್ಟಳು. ಮರುದಿನ ಶುಕ್ರವಾರ ಯಾರೂ ನೀರು ಹಾಕಲಿಲ್ಲ. ಪಾಳಿ ಇದ್ದ ಮನೆಯವಳು ತುಂಬಿದ ಕೊಡ ತಂದವಳು ಹಾಗೆಯೇ ತಿರುಗಿ ಹೋದಳು. ಬಾಳವ್ವ ಅಂದು ಮಧ್ಯಾಹ್ನ ಅರ್ಧ ರೊಟ್ಟಿ ಮುರಿದು ಎದ್ದಳು. ಅತ್ತೆಯನ್ನು ಹಾಗೆ ನೋಡಿ ಮಹಾನಂದಾಗೆ ತನ್ನ ಓದಿನ ಮೇಲೆಯೇ ಸಿಟ್ಟು ಬಂತು.

ಶುಕ್ರವಾರ ಸಂಜೆ ಒರತೆ ಲೆಕ್ಕ ಹೇಳಿತು. ಕಂಬಳಿ ಓಣಿಯ ಹೊತ್ತು ಕಡಿಮೆಯಾಗಿತ್ತು.

ಓಣಿಯ ಹೆಂಗಸರು ಬಾಯಿ ಬಾಯಿ ಬಡಿದುಕೊಂಡರು. “ನೋಡ್ರೆವ್ವಾ, ಉಡಿ ತುಂಬಲಿಲ್ಲ, ಮುನಿಸಿಕೊಂಡಳು” ಎಂದರು. ಆ ಮಾತು ಕಿವಿಗೆ ಬಿದ್ದಾಗ ಮಹಾನಂದಾ ಮೊದಲು ತಲೆ ಚಚ್ಚಿಕೊಂಡಳು. ಆದರೆ ಶನಿವಾರ ಆಫೀಸಿಗೆ ಹೋಗಿ ಕುಳಿತ ಮೇಲೆ ಅದೇ ಮಾತು ಅವಳನ್ನು ಬಿಡಲಿಲ್ಲ. ಮಟ್ಟ ಹಿಂದಿನ ವಾರ ಎಷ್ಟಿತ್ತೋ ಈ ವಾರವೂ ಅಷ್ಟೇ ಇತ್ತು. ಸುರಿದ ನೀರಿನ ಎತ್ತರ ನೋಡಿ ಒರತೆ ಮೋಸ ಹೋಗುತ್ತಿದ್ದರೆ ಕಡಿಮೆಯಾದದ್ದಕ್ಕೆ ಅರ್ಥವಿತ್ತು. ಆದರೆ ಒಳಗೆ ಹೊಕ್ಕು ನೋಡಿದರೆ ಒರತೆ ಮೋಸ ಹೋಗಿರಲೇ ಇಲ್ಲ. ಶುಕ್ರವಾರದ ಆ ಏರಿಕೆ ನಿಜವಾದ ಮಟ್ಟವಲ್ಲ ಎಂದು ಮೊದಲ ವರ್ಷವೇ ತಿಳಿದುಕೊಂಡು ಅದನ್ನು ಲೆಕ್ಕದಿಂದ ಬಿಟ್ಟಿತ್ತು. ಹಾಗಾದರೆ ಈ ವಾರ ಕೈ ಬಿಗಿ ಹಿಡಿದದ್ದು ಯಾಕೆ?

ಹುಡುಕುತ್ತ ಹುಡುಕುತ್ತ ಅವಳಿಗೆ ಒಂದು ಅಂಕಣ ಸಿಕ್ಕಿತು. ಒರತೆ ಪ್ರತಿ ಓಣಿಗೂ ಮಟ್ಟದ ಜೊತೆಗೆ ತನ್ನ ಅನುಮಾನವನ್ನೂ ಬರೆದಿಡುತ್ತಿತ್ತು. ಈ ಓಣಿಯ ನೆಲದ ಬಗ್ಗೆ ನನಗೆಷ್ಟು ಗೊತ್ತಿಲ್ಲ ಎಂಬ ಲೆಕ್ಕ ಅದು. ಅನುಮಾನ ಹೆಚ್ಚಿದ್ದಲ್ಲಿ ಒರತೆ ಜಿಪುಣ, ಹೊಸ ಗಿರಾಕಿಗೆ ಉದ್ರಿ ಕೊಡುವ ಕಿರಾಣಿ ಅಂಗಡಿಯವನ ಹಾಗೆ. ಊರಿಗೆಲ್ಲ ಅನುಮಾನ ಅತಿ ಕಡಿಮೆ ಇದ್ದದ್ದು ಕಂಬಳಿ ಓಣಿಯ ಮೇಲೆ. ಈ ಶುಕ್ರವಾರ ಅದೇ ಅನುಮಾನ ಒಂದೇ ಸಲಕ್ಕೆ ಏರಿತ್ತು.

ಮಹಾನಂದಾ ಕುರ್ಚಿಗೆ ಒರಗಿ ಎರಡೂ ಕೈ ತಲೆಯ ಮೇಲಿಟ್ಟುಕೊಂಡಳು. ಬೇರೆ ಓಣಿಗಳಲ್ಲಿ ಒರತೆಗೆ ನೀರು ಎಲ್ಲಿ ನಿಂತಿದೆ ಎಂಬುದಷ್ಟೇ ಕಾಣುತ್ತಿತ್ತು. ಕಂಬಳಿ ಓಣಿಯಲ್ಲಿ ವಾರಕ್ಕೊಮ್ಮೆ ಒಂದು ಕೊಡ ನೀರು ಬೀಳುತ್ತಿತ್ತು, ಅದನ್ನು ನೆಲ ಎಷ್ಟು ಬೇಗ ಕುಡಿಯುತ್ತದೆ ಎಂದು ಒರತೆ ನೋಡುತ್ತ ಬಂದಿತ್ತು. ಬೇಗ ಕುಡಿಯುವ ನೆಲ ಬೇಗ ಕೊಡುತ್ತದೆ ಕೂಡ. ಬಾವಿಗೆ ನೀರು ಸುರಿದು ಇಳಿಯುವುದನ್ನು ಅಳೆಯುವ ಈ ಪರೀಕ್ಷೆಯನ್ನು ಅವಳು ಕಾಲೇಜಿನಲ್ಲಿ ಓದಿದ್ದಳು, ಪರೀಕ್ಷೆಯಲ್ಲಿ ಬರೆದಿದ್ದಳು, ಆಮೇಲೆ ಸಂತೋಷವಾಗಿ ಮರೆತಿದ್ದಳು. ಬಾಳವ್ವನಿಗೆ ಪರೀಕ್ಷೆಯ ಗೊಡವೆಯೇ ಇರಲಿಲ್ಲ. ಅವಳು ಉಡಿ ತುಂಬಿದ್ದಳು, ಅಷ್ಟೇ. ಮಹಾನಂದಾ ಖಾಲಿ ಆಫೀಸಿನಲ್ಲಿ ಒಬ್ಬಳೇ ಗಟ್ಟಿಯಾಗಿ ನಕ್ಕಳು.

ಸೋಮವಾರ ಮುಲ್ಲಾ ಮೇಡಂ ಬಂದರು. ಪೂರ್ತಿ ಹೆಸರು ರೆಹಾನಾ ಮುಲ್ಲಾ, ಜಿಲ್ಲೆಯ ಅಂತರ್ಜಲ ವಿಭಾಗದ ಎಂಜಿನಿಯರು. ಮಾತು ಕಡಿಮೆ, ಕಣ್ಣು ಚುರುಕು. ಓಣಿಯಲ್ಲಿ ಹೆಂಗಸರೆಲ್ಲ ಸೆರಗು ಹೊದ್ದು ನಿಂತಿದ್ದರು. ಗಡ್ಡದ ಸಾಹುಕಾರರು ತಮ್ಮ ಗುತ್ತಿಗೆ ಇಂದಿಗೆ ಮುಗಿಯಿತು ಎಂಬ ಮುಖ ಹೊತ್ತು ಬಾವಿಯ ಪಕ್ಕದಲ್ಲಿ ನಿಂತಿದ್ದರು.

“ಯಾರು ನೀರು ಹಾಕಿದವರು?” ಎಂದರು ಮೇಡಂ.

“ನಾ ಹಾಕಿಸೀನ್ರಿ. ಕೀಲಿ ನನ್ನ ಕಡೆ ಇತ್ತು. ಇವರದೇನೂ ಇಲ್ಲ, ನನ್ನ ಸೊಸಿದೂ ಇಲ್ಲ” ಎಂದು ಬಾಳವ್ವ ಮುಂದೆ ಬಂದಳು.

ಮಹಾನಂದಾ ಎಲ್ಲವನ್ನೂ ಬಿಡಿಸಿ ಹೇಳಿ, ಅನುಮಾನದ ಅಂಕಣ ತೋರಿಸಿದಳು. ಮೇಡಂ ನಡುವೆ ಬಾಯಿ ಹಾಕದೆ ಕೇಳಿದರು. ಕೊನೆಗೆ, “ಚಲೋ ಐತಿ. ಆದ್ರ ನಿಮ್ಮ ಓಣಿ, ನಿಮ್ಮ ಅತ್ತಿ. ನಾ ಬರೇ ಮಾತಿನ ಮ್ಯಾಲೆ ಬಿಟ್ಟು ಹೋದ್ರ ಹೊಸಪೇಟಿಯವರು ನನಗೇನಂದಾರು? ಈ ನೆಲ ಒರತೆಗೆ ಅಷ್ಟು ಗೊತ್ತಿದ್ರ, ಈಗ ಒಂದು ಕೊಡ ಹಾಕಿದ್ರ ನೀರು ಹೆಂಗ ಇಳೀತೈತಿ ಅಂತ ಮೊದಲಾ ಹೇಳಲಿ. ಹೇಳಿದ ಹಂಗ ಇಳದ್ರ ಬಾವಿ ಸರಿ ಐತಿ. ತಪ್ಪಿದ್ರ ಮೋಟರಿಗೆ ಬೀಗ. ತರ್ರಿ ಕೊಡ” ಎಂದರು.

“ಇವತ್ತ ಆಗಾಂಗಿಲ್ರಿ” ಎಂದಳು ಬಾಳವ್ವ.

ಸಾಹುಕಾರರಿಗೆ ಜೀವ ಹೋದಂತಾಯಿತು. ಮಹಾನಂದಾ ಅತ್ತೆಯ ಕೈ ಹಿಡಿದು ಎಳೆದಳು. ಬಾಳವ್ವ ಜಗ್ಗಲಿಲ್ಲ. “ಇವತ್ತ ಸೋಮವಾರ. ಹೆಣ್ಣಮಕ್ಕಳಿಗೆ ಉಡಿ ತುಂಬೋದು ಮಂಗಳವಾರ, ಇಲ್ಲಾ ಶುಕ್ರವಾರ. ನಿಮ್ಮ ಪರೀಕ್ಷಾಕ್ಕ ಅಂತ ನನ್ನ ಮಗಳಿಗೆ ಯಾವಾಗರ ಬೇಕಾದಾಗ ತುಂಬಾಕ ಬರೂದಿಲ್ರಿ ಮೇಡಮ್ಮಾರ. ಬೀಗ ಹಾಕೂದಿದ್ರ ಹಾಕ್ರಿ.”

ಎಲ್ಲರೂ ಮೇಡಂ ಮುಖ ನೋಡಿದರು. ಅವರು ಗಡಿಯಾರ ನೋಡಿಕೊಂಡರು, ಬಾಳವ್ವನನ್ನು ನೋಡಿದರು. “ನಾಳೆ ಮಂಗಳವಾರ ಅಲ್ಲ?” ಎಂದರು. “ಹಂಗಾದ್ರ ನಾಳೆ ಮುಂಜಾನೆ. ಇಲ್ಲೆ ಉಳ್ಕೊಳ್ಳಾಕ ಲಾಡ್ಜ್ ಎಲ್ಲೈತಿ?”

“ಲಾಡ್ಜ್ ಯಾಕ್ರಿ, ಮನಿ ಇಲ್ಲೇನು?” ಎಂದಳು ಬಾಳವ್ವ. ಒಂದು ಕ್ಷಣದ ಹಿಂದೆ ಬೀಗ ಹಾಕಿರಿ ಎಂದವಳು ಅವಳೇ.

ಅಂದು ಸಂಜೆ ಮುಲ್ಲಾ ಮೇಡಂ ಬಾಳವ್ವನ ಅಡಿಗೆಮನೆಯಲ್ಲಿ ಕುಳಿತು ಬಿಸಿರೊಟ್ಟಿ, ಬದನೆಕಾಯಿ ಎಣಗಾಯಿ, ಶೇಂಗಾ ಚಟ್ನಿ ಉಂಡರು. ಉಣ್ಣುತ್ತಿರುವಾಗಲೇ ಗುಡುಗಿತು, ಮೋಡ ಒಡೆದಂತೆ ಅಡ್ಡಮಳೆ ಸುರಿಯಿತು. ಬೇರೆ ದಿನವಾಗಿದ್ದರೆ ಮಹಾನಂದಾ ಅಂಗಳಕ್ಕೆ ಓಡಿ ಇಂಗುಗುಂಡಿಯ ಮುಚ್ಚಳ ತೆರೆಯುತ್ತಿದ್ದಳು. ಈಗ ಅವಳ ಕೈಯಲ್ಲಿದ್ದ ಸಾರಿನ ಸೌಟು ಹಾಗೆಯೇ ನಿಂತಿತು. ಒಣ ನೆಲ ಬೇಗ ಕುಡಿಯುತ್ತದೆ, ತೊಯ್ದ ನೆಲ ನಿಧಾನ. ಒಣ ದಿನಗಳ ಗೆರೆಗಳಿದ್ದವು, ಮಳೆಗಾಲದವೂ ಇದ್ದವು, ಆದರೆ ಕಾದ ನೆಲದ ಮೇಲೆ ಹೀಗೆ ಒಮ್ಮೆಲೇ ಮಳೆ ಬಿದ್ದ ಮರುದಿನದ ಗೆರೆ ಒರತೆಯ ಹತ್ತಿರ ಒಂದೂ ಇರಲಿಲ್ಲ.

ಮೇಡಂ ಅವಳ ಮುಖ ನೋಡಿ ನಕ್ಕರು. “ಹೆದರಬ್ಯಾಡ್ರಿ. ಹಳೇ ಗೆರಿ ನೋಡಿ ಕಾಪಿ ಹೊಡಿಯಾಕ ಒರತೆಗೆ ಬರತಿತ್ತು. ಈಗ ಆಗಾಂಗಿಲ್ಲ. ಖರೇ ಪರೀಕ್ಷಾ ಈಗ ಬಂತು” ಎಂದರು. ಅದು ಸಮಾಧಾನದ ಮಾತೋ ಬೆದರಿಕೆಯೋ ಮಹಾನಂದಾಗೆ ತಿಳಿಯಲಿಲ್ಲ. ರಾಜಶೇಖರ ಮಾತ್ರ ಮೇಡಂಗೆ ಇನ್ನೊಂದು ರೊಟ್ಟಿ ಹಾಕಿಸಿಕೊಳ್ಳಲು ಒತ್ತಾಯ ಮಾಡುತ್ತಿದ್ದ.

ಮಂಗಳವಾರ ಬೆಳಗ್ಗೆ ಓಣಿಯ ಕೆಸರಿನಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ. ಒರತೆ ತನ್ನ ಅಂದಾಜನ್ನು ನೀಲಿ ಗೆರೆಯಾಗಿ ಮೊದಲೇ ಎಳೆದು ಮೇಡಂ ಕೈಯ ಫಲಕಕ್ಕೆ ಕಳಿಸಿತ್ತು. ಅದು ಬೇಸಿಗೆಯ ಹಳೆಯ ಗೆರೆಗಳಿಗಿಂತ ಸಾವಕಾಶವಾಗಿ ಇಳಿಯುವ, ಬಾಗಿದ ಗೆರೆ. ಬಾಳವ್ವ ಸೊಸೆಯಿಂದ ಕೀಲಿ ಇಸಿದುಕೊಂಡು ಬೀಗ ತೆಗೆದು, ಪೈಪಿನ ಹೊರಗೆ ಅರಿಷಿಣ ಕುಂಕುಮ ಹಚ್ಚಿ, ಸೋಸಿದ ನೀರಿನ ಕೊಡವನ್ನು ಎತ್ತಿ ಒಂದು ಹನಿಯೂ ಹೊರಗೆ ಚೆಲ್ಲದ ಹಾಗೆ ಸುರಿದಳು.

ಫಲಕದ ಮೇಲೆ ಕೆಂಪು ಗೆರೆ ಆಳುದ್ದ ಎದ್ದಿತು. ಆಮೇಲೆ ಇಳಿಯತೊಡಗಿತು. ಮಹಾನಂದಾ ಅದನ್ನು ನೋಡಲು ಧೈರ್ಯ ಸಾಲದೆ ಮೇಡಂ ಮುಖವನ್ನೇ ನೋಡುತ್ತ ನಿಂತಳು. ಈ ಓಣಿಗೆ ಸೊಸೆಯಾಗಿ ಬಂದಾಗ ತನಗೆ ಉಡಿ ತುಂಬಿದ ಕೈಗಳೆಲ್ಲ ಸುತ್ತಲೂ ನಿಂತಿದ್ದವು. ಇವರ ನೀರು ನಿಂತರೆ ತಾನು ಇನ್ನು ಯಾವ ಮುಖ ಹೊತ್ತು ಈ ದಾರಿಯಲ್ಲಿ ಆಫೀಸಿಗೆ ಹೋಗಲಿ ಎನ್ನಿಸಿತು.

ಕೊನೆಗೆ ಮೇಡಂ ಫಲಕವನ್ನು ಅವಳ ಕಡೆ ತಿರುಗಿಸಿದರು. ಕೆಂಪು ಗೆರೆ ನೀಲಿಯ ಮೇಲೆಯೇ ನಡೆದುಕೊಂಡು ಹೋಗಿ ಕೆಳಗೆ ಮಲಗಿತ್ತು. ನೀಲಿ ಎಲ್ಲಿದೆ ಎಂದು ಹುಡುಕಬೇಕಾಗಿತ್ತು.

“ಬಾವಿ ಸರಿ ಐತಿ” ಎಂದರು ಮುಲ್ಲಾ ಮೇಡಂ. ಓಣಿ ಹೋ ಎಂದಿತು. ಗಡ್ಡದ ಸಾಹುಕಾರರು ಯಾರದೋ ಮನೆಯ ಕಟ್ಟೆಯ ಮೇಲೆ ಕುಸಿದು ನೀರು ಕೇಳಿದರು. ಬಾಳವ್ವ ಮುಚ್ಚಳ ಹಾಕಿ, ಕೀಲಿಯನ್ನು ಸೊಸೆಗೆ ತಿರುಗಿ ಕೊಡದೆ ತನ್ನ ಸೊಂಟಕ್ಕೇ ಸಿಕ್ಕಿಸಿಕೊಂಡಳು. ಯಾರೂ ಬೇಡವೆನ್ನಲಿಲ್ಲ.

ಹದಿನೈದು ದಿನಕ್ಕೆ ಜಿಲ್ಲೆಯಿಂದ ಆದೇಶ ಬಂತು. ಊರಿನ ಎಲ್ಲ ನಿಗಾ ಬಾವಿಗಳಿಗೂ ಪ್ರತಿ ಶುಕ್ರವಾರ ಬೆಳಗ್ಗೆ ಸೋಸಿದ ನೀರು ಒಂದು ಕೊಡ ಹಾಕತಕ್ಕದ್ದು, ಅರಿಷಿಣ, ಹೂವು, ಕಾಳು ಇತ್ಯಾದಿ ಒಳಗೆ ಹಾಕತಕ್ಕದ್ದಲ್ಲ. ರಾಜಶೇಖರ ಅದನ್ನು ಓದಿ ಹೇಳಿದಾಗ ಬಾಳವ್ವ ಮೂಗು ಮುರಿದಳು. “ಸರ್ಕಾರಕ್ಕ ಈಗ ಬುದ್ಧಿ ಬಂತು. ಬಂದ್ರೂ ಪೂರಾ ಬರಲಿಲ್ಲ” ಎಂದಳು.

ಮೊದಲ ಶುಕ್ರವಾರದ ಹಿಂದಿನ ಸಂಜೆ ಹೊಸಪೇಟಿ ಓಣಿಯ ಇಂದ್ರವ್ವ ಬಾಗಿಲಲ್ಲಿ ನಿಂತಳು. ಅರ್ಜಿಗೆ ಮೊದಲ ಸಹಿ ಹಾಕಿದವಳು ಅವಳೇ ಎಂದು ಎಲ್ಲರಿಗೂ ಗೊತ್ತಿತ್ತು. ಒಳಗೆ ಬರಲೋ ಬೇಡವೋ ಎಂದು ಚಪ್ಪಲಿ ತಿರುವುತ್ತಿದ್ದಳು.

“ಒಳಗ ಬಾ ಇಂದ್ರವ್ವ. ಚಾ ಇಡತೇನಿ” ಎಂದಳು ಬಾಳವ್ವ.

“ಚಾ ಇರಲಿ ಅಕ್ಕಾ. ನಾಳೆ ನಮ್ಮ ಬಾವಿಗೆ... ಆದೇಶದಾಗ ಹಾಕ್ರಿ ಅಂದಾರ, ಹೆಂಗ ಅಂತ ಬರದಿಲ್ಲ. ನೀವು ಮಾಡಿದವರು. ಕೇಳಿಕೊಂಡು ಹೋಗೂಣಂತ ಬಂದೆ.” ಸೆರಗಿನ ಅಂಚು ಹಿಡಿದುಕೊಂಡು, “ಮನಸ್ಸಿನ್ಯಾಗ ಇಟ್ಕೋಬ್ಯಾಡ್ರಿ” ಎಂದಳು.

“ಏನ್ ಇಟ್ಕೊಳ್ಳೋದೈತಿ, ಕೂಡು.” ಬಾಳವ್ವ ಅವಳನ್ನು ಚಾಪೆಯ ಮೇಲೆ ಕೂಡಿಸಿ, ಕೊಡ ಹೇಗೆ ಬೆಳಗಬೇಕು, ಯಾರು ಮೊದಲು ಮುಟ್ಟಬೇಕು, ಪೈಪಿನ ಅಂಚಿಗೆ ತಾಗದಂತೆ ಹೇಗೆ ಸುರಿಯಬೇಕು ಎಂದು ಎಲ್ಲ ಹೇಳಿದಳು. ಒಳಗೆ ಲೆಕ್ಕ ನೋಡುತ್ತಿದ್ದ ಮಹಾನಂದಾ ಕೇಳಿ ನಗುತ್ತಿದ್ದಳು. ಬಹಳ ದಿನದ ಮೇಲೆ ಅತ್ತೆಯ ದನಿ ತುಂಬಿ ಬಂದಿತ್ತು.

“ಒಂದಾ ಕೊಡ ಅಲ್ಲ?” ಎಂದಳು ಇಂದ್ರವ್ವ.

“ನಿಮ್ಮಾಕಿ ಇಷ್ಟು ವರ್ಷ ಬರೇ ಉಡೀಲೆ ಕುಂತಾಳ. ಮೊದಲನೇ ಸಲ ಎರಡು ಹಾಕು.”

“ಅತ್ತೀ, ಒಂದಾ ಕೊಡ! ಲೆಕ್ಕ ತಪ್ಪತೈತಿ!” ಎಂದು ಮಹಾನಂದಾ ಒಳಗಿನಿಂದ ಕೂಗಿದಳು. ಅಷ್ಟರಲ್ಲಿ ಇಂದ್ರವ್ವ ಚಪ್ಪಲಿ ಮೆಟ್ಟಿ ಹೊರಟುಹೋಗಿದ್ದಳು.

ಶುಕ್ರವಾರ ಬೆಳಗ್ಗೆ ಮಹಾನಂದಾ ಆಫೀಸಿನಲ್ಲಿ ಪರದೆಯ ಮುಂದೆ ಕುಳಿತಿದ್ದಳು. ಒಂದೊಂದೇ ಓಣಿಯ ಗೆರೆ ಆಳುದ್ದ ಎದ್ದು, ನಿಂತು, ಮೆಲ್ಲಗೆ ಇಳಿಯಿತು. ಒರತೆಯ ಅನುಮಾನದ ಅಂಕಣದಲ್ಲಿ ಊರಿಗೆ ಊರೇ ಸ್ವಲ್ಪ ಸ್ವಲ್ಪ ತಗ್ಗಿತು. ಗಡ್ಡದ ಸಾಹುಕಾರರು ಅವಳ ಕುರ್ಚಿಯ ಹಿಂದೆ ನಿಂತು, ತಾವೇ ಸುರಿದವರ ಹಾಗೆ ಬೀಗುತ್ತಿದ್ದರು. ಕಡೆಗೆ ಹೊಸಪೇಟಿ ಓಣಿಯ ಗೆರೆ ಎದ್ದಿತು. ಆಳುದ್ದ ಮುಟ್ಟಿದರೂ ನಿಲ್ಲಲಿಲ್ಲ. ಇನ್ನೂ ಒಂದು ಆಳುದ್ದ ಏರಿ ಆಮೇಲೆ ನಿಂತಿತು.

ಒರತೆ ತಕ್ಷಣ ಕೆಂಪಗೆ ಮಿನುಗಿ ಬರೆಯಿತು: ‘ಹೊಸಪೇಟಿ ಓಣಿ, ಓದು ಅಸಹಜ. ಅಳಿಸಲೇ? ಕಾರಣ ದಾಖಲಿಸಿ.’

“ಅಳಿಸ್ರಿ, ಅಳಿಸ್ರಿ” ಎಂದು ಸಾಹುಕಾರರು ಕರವಸ್ತ್ರ ತೆಗೆದರು.

ಮಹಾನಂದಾ ಅಳಿಸಲಿಲ್ಲ. ಚಿಲುಮೆ ಡ್ರಿಲ್ಲಿಂಗ್ ಕಂಪನಿಯ ದಾಖಲೆಯಲ್ಲಿ, ಷರಾ ಎಂಬ ಕಡೆ, ‘ಎರಡು ಕೊಡ. ಮೊದಲನೇ ಉಡಿ. ಓದು ಸರಿ ಇದೆ’ ಎಂದು ಬರೆದು ಕೆಳಗೆ ತನ್ನ ಸಹಿ ಹಾಕಿದಳು.